ಒಂದೇ ಮನೆ ನಡೆದ ಪದಾತಿ

ಸಾಧ್ಯವಾದರೆ ಈ ಮಾತು ಕೇಳುವಾಗ ಎದುರಿಗೆ ಒಂದು ಚದುರಂಗದ ಮಣೆ ಇಟ್ಟುಕೊಳ್ಳಿ. ಮಣೆ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಿಂದ ಎಂಟೆಂಟು ಮನೆ ಬರೆದುಕೊಂಡರೂ ಆದೀತು. ನಾನು ಈ ಆಟ ಕಲಿತದ್ದು ಹಾಗೆಯೇ. ಕಾಯಿಗಳನ್ನು ಜೋಡಿಸಿ, ಮೊದಲ ನಡೆ ಯಾವುದೆಂದು ನಿಮ್ಮನ್ನೇ ಕೇಳಿಕೊಳ್ಳಿ. ನಿಮ್ಮಲ್ಲಿ ಹೆಚ್ಚಿನವರ ಕೈ ರಾಜನ ಮುಂದಿನ ಪದಾತಿಯ ಕಡೆಗೆ ಹೋಗಿ, ಅದನ್ನು ಎರಡು ಮನೆ ಮುಂದಕ್ಕೆ ಇಡುತ್ತದೆ. ಎದುರಿನವನ ಕೈಯೂ ಅದನ್ನೇ ಮಾಡುತ್ತದೆ. ಮಣೆಯ ನಡುವೆ ಎರಡು ಪದಾತಿಗಳು ಮುಖಾಮುಖಿ ನಿಲ್ಲುತ್ತವೆ. ಪುಸ್ತಕಗಳಲ್ಲಿ ಹಾಗಿದೆ, ಹಿರಿಯರು ಹಾಗೆ ಆಡಿದ್ದಾರೆ, ನಾವೂ ಹಾಗೆ ಆಡುತ್ತೇವೆ.

1980ರ ಜನವರಿಯಲ್ಲಿ ಸ್ವೀಡನ್ನಿನ ಸ್ಕಾರಾ ಎಂಬ ಊರಿನಲ್ಲಿ ಯುರೋಪಿನ ತಂಡಗಳ ಪಂದ್ಯಾವಳಿ ನಡೆಯುತ್ತಿತ್ತು. ಬಿಳಿ ಕಾಯಿಗಳ ಕಡೆ ಕೂತವರು ಆಗಿನ ವಿಶ್ವ ಚಾಂಪಿಯನ್, ಸೋವಿಯತ್ ದೇಶದ ಅನಾತೊಲಿ ಕಾರ್ಪೋವ್. ಎದುರಿಗೆ ಇಂಗ್ಲೆಂಡಿನ ಟೋನಿ ಮೈಲ್ಸ್. ಕಾರ್ಪೋವ್ ರಾಜನ ಮುಂದಿನ ಪದಾತಿಯನ್ನು ಎರಡು ಮನೆ ಇಟ್ಟರು. ಮೈಲ್ಸ್ ಏನು ಮಾಡಿದರು ಗೊತ್ತೆ? ತಮ್ಮ ಬಲಗಡೆಯ ತುದಿಯಲ್ಲಿ, ಆನೆಯ ಮುಂದೆ ನಿಂತಿದ್ದ ಪದಾತಿಯನ್ನು ಒಂದೇ ಒಂದು ಮನೆ ಮುಂದಕ್ಕೆ ತಳ್ಳಿದರು. ಆಟ ಈಗತಾನೆ ಕಲಿತ ಹುಡುಗ ಏನೂ ತೋಚದೆ ಆಡುವ ನಡೆ ಅದು. ನೋಡುತ್ತಿದ್ದವರಲ್ಲಿ ನಗು ಎದ್ದಿತೆಂದು ಮೈಲ್ಸ್ ಆಮೇಲೆ ಹೇಳಿಕೊಂಡಿದ್ದಾರೆ. ಎರಡನೆಯ ನಡೆಯಲ್ಲಿ ಅದರ ಪಕ್ಕದ ಪದಾತಿ ಎರಡು ಮನೆ ಬಂತು. ಆ ಸಂದಿಯಲ್ಲಿ ಒಂಟೆ ಬಂದು ಕೂತಿತು. ನಲವತ್ತಾರನೆಯ ನಡೆಗೆ ವಿಶ್ವ ಚಾಂಪಿಯನ್ ಸೋಲೊಪ್ಪಿಕೊಂಡರು.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಒಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ನಾನೂ ಬಂದಿದ್ದೆ, ಅದರ ಬೆಲೆಯನ್ನೂ ತೆತ್ತಿದ್ದೇನೆ. ಅದನ್ನು ಹೇಳುವುದಕ್ಕೇ ಇಂದು ನಿಮ್ಮೆದುರು ಕೂತಿದ್ದೇನೆ.

ನಾನು ವಿಜ್ಞಾನ ಓದಿದವನು. ಆದ್ದರಿಂದ ಮೊದಲು ಸ್ವಲ್ಪ ಲೆಕ್ಕ. ಆಟದ ಆರಂಭದಲ್ಲಿ ಬಿಳಿಗೆ ಎಷ್ಟು ನಡೆಗಳಿವೆ? ಎಂಟು ಪದಾತಿಗಳು, ಒಂದೊಂದೂ ಒಂದು ಮನೆ ಅಥವಾ ಎರಡು ಮನೆ ಹೋಗಬಹುದು, ಒಟ್ಟು ಹದಿನಾರು. ಎರಡು ಕುದುರೆಗಳು, ಒಂದೊಂದಕ್ಕೆ ಎರಡು ನೆಗೆತ, ಒಟ್ಟು ನಾಲ್ಕು. ಅಲ್ಲಿಗೆ 20. ಕಪ್ಪಿಗೂ ಅಷ್ಟೇ. ಎಂದರೆ ಇಬ್ಬರೂ ಒಂದೊಂದು ನಡೆ ಆಡುವಷ್ಟರಲ್ಲಿ 400 ಬಗೆ. ಇಬ್ಬರೂ ಎರಡೆರಡು ನಡೆ ಮುಗಿಸುವಷ್ಟರಲ್ಲಿ ಆಟ ಸಾಗಬಹುದಾದ ಬಗೆಗಳು 1,97,281. ಈ ಎರಡು ಲಕ್ಷದಷ್ಟು ದಾರಿಗಳಲ್ಲಿ ಪುಸ್ತಕ ಬರೆದವರು, ಪಂದ್ಯ ಆಡುವವರು ನಡೆದು ನಡೆದು ಹೆದ್ದಾರಿ ಮಾಡಿರುವುದು ಕೆಲವನ್ನು ಮಾತ್ರ. ಉಳಿದವು ಕಾಲುದಾರಿಗಳು, ಮುಳ್ಳಿನ ದಾರಿಗಳು. ಕೆಲವು ನೇರ ಬಾವಿಗೆ ಹೋಗುವ ದಾರಿಗಳು. ಎದುರಾಳಿಯನ್ನು ಹೆದ್ದಾರಿಯಿಂದ ಕೆಳಗಿಳಿಸಿ, ಅವನು ಕಾಣದ ಕಾಲುದಾರಿಗೆ ಕರೆದೊಯ್ಯುವುದೇ ಅಪರೂಪದ ಓಪನಿಂಗ್ ಆಡುವವರ ಉಪಾಯ. ಒಳ್ಳೆಯ ಉಪಾಯವೇ. ಆದರೆ ಆ ಕಾಲುದಾರಿ ನಮಗಾದರೂ ಗೊತ್ತಿರಬೇಕಲ್ಲ?

ಈಗ ನಮ್ಮೂರಿನ ವಿಷಯಕ್ಕೆ ಬರುತ್ತೇನೆ. ನನ್ನೂರು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ತುರ್ವಿಹಾಳ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತಕ್ಕೆ ಹೆಸರಾದ ಸೀಮೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದರೆ ಹೊಲದ ಕೆಲಸವೂ ನಿಲ್ಲುತ್ತಿತ್ತು; ಮಧ್ಯಾಹ್ನದ ಬಿಸಿಲಿಗೆ ಬೇವಿನ ಮರದ ಕಟ್ಟೆಯ ಮೇಲೆ ಹಿರಿಯರು ಸೇರುತ್ತಿದ್ದರು. ಅಲ್ಲಿ ನಮ್ಮ ಮುತ್ಯಾ ಚದುರಂಗ ಆಡುತ್ತಿದ್ದರು. ಮಣೆ ಎಂದರೆ ಒಂದು ಹಳೆಯ ಬಟ್ಟೆಯ ಮೇಲೆ ಗೆರೆ ಹೊಲಿದದ್ದು. ಕಪ್ಪು ಬಿಳುಪು ಮನೆಗಳಿಲ್ಲ, ಬರೀ ಗೆರೆ. ಪದಾತಿಗೆ ಅವರು ಅನ್ನುತ್ತಿದ್ದುದು ಪ್ಯಾದಿ, ಮಂತ್ರಿಗೆ ವಜೀರ. ಇಂಗ್ಲಿಷರು ರಾಣಿ ಎನ್ನುವ ಕಾಯಿ ಅದೇ.

ಅವರ ಆಟದ ನಿಯಮಗಳು ಈಗ ನೀವು ಶಾಲೆಯಲ್ಲಿ ಕಲಿಯುವ ನಿಯಮಗಳಲ್ಲ; ದೇಶೀ ಆಟದ ನಿಯಮಗಳು. ಕೋಟೆ ಕಟ್ಟುವ ನಡೆ, ಅಂದರೆ ಕಾಸ್ಲಿಂಗ್, ಇರಲಿಲ್ಲ. ಅದರ ಬದಲು ರಾಜನಿಗೆ ಆಟದಲ್ಲಿ ಒಮ್ಮೆ ಮಾತ್ರ ಕುದುರೆಯಂತೆ ನೆಗೆಯುವ ಅವಕಾಶ. ಎಲ್ಲಕ್ಕಿಂತ ಮುಖ್ಯವಾದದ್ದು, ಪ್ಯಾದಿ ಮೊದಲ ನಡೆಯಲ್ಲೂ ಒಂದೇ ಮನೆ ನಡೆಯಬೇಕು. ಲೆಕ್ಕ ಹಾಕಿ ನೋಡಿ: ಪದಾತಿಯ ಎಂಟು ನಡೆ, ಕುದುರೆಯ ನಾಲ್ಕು ನೆಗೆತ. ಬಿಳಿಗೆ ಮೊದಲ ನಡೆಗೆ ಇರುವ ದಾರಿಗಳು 20ರ ಬದಲು 12 ಮಾತ್ರ. ನಾಲ್ಕೈದು ನಡೆ ಕಳೆದರೂ ಎರಡು ಸೈನ್ಯಗಳು ಮುಟ್ಟುವುದಿಲ್ಲ. ಆದ್ದರಿಂದ ಮುತ್ಯಾ ಅವಸರವಿಲ್ಲದೆ ತಮ್ಮ ಕಡೆಯ ಮನೆಗಳನ್ನು ಕಟ್ಟಿಕೊಳ್ಳುತ್ತಿದ್ದರು. ಕುದುರೆಯ ಮುಂದಿನ ಪ್ಯಾದಿಯನ್ನು ಒಂದು ಮನೆ ಸರಿಸಿ, ಒಂಟೆಯನ್ನು ಆ ಜಾಗದಲ್ಲಿ ಕೂರಿಸುವುದು ಅವರ ಮೆಚ್ಚಿನ ಏರ್ಪಾಡು. ಅಲ್ಲಿಂದ ಅದು ಮಣೆಯ ಈ ಮೂಲೆಯಿಂದ ಆ ಮೂಲೆಯವರೆಗೆ ಕಣ್ಣಿಟ್ಟಿರುತ್ತಿತ್ತು. ನಾನು ಆತುರದಿಂದ ಪ್ಯಾದಿ ನೂಕಿದರೆ ಹೇಳುತ್ತಿದ್ದರು: “ತಮ್ಮಾ, ಪ್ಯಾದಿ ಮುಂದ ಹೋದ್ರ ಹಿಂದ ಬರಂಗಿಲ್ಲ. ಅದನ್ನ ತಿಳಕೊಂಡು ನಡಸು.”

ಇದು ನಮ್ಮ ಹಳ್ಳಿಯ ಕಟ್ಟೆಯ ಆಟ, ಇದಕ್ಕೂ ದೊಡ್ಡ ಚದುರಂಗಕ್ಕೂ ಸಂಬಂಧವಿಲ್ಲವೆಂದೇ ನಾನು ಬಹಳ ಕಾಲ ತಿಳಿದಿದ್ದೆ. ಸಂಬಂಧವಿದೆ. ಚೆನ್ನಾಗಿಯೇ ಇದೆ.

1848ರ ಮಾತು. ಜಾನ್ ಕೊಕ್ರೇನ್ ಎಂಬ ಸ್ಕಾಟ್ಲೆಂಡಿನ ವಕೀಲರು ಕಲ್ಕತ್ತೆಯಲ್ಲಿದ್ದರು. ಚದುರಂಗದಲ್ಲಿ ಅವರಿಗೆ ಸರಿಸಾಟಿ ಅಲ್ಲಿ ಸಿಗುವುದು ಕಷ್ಟವಿತ್ತು. ಮುಫಸ್ಸಲಿನಲ್ಲಿ, ಅಂದರೆ ಪಟ್ಟಣದಿಂದ ದೂರದ ಸೀಮೆಯಲ್ಲಿ, ಸೋಲನ್ನೇ ಕಾಣದ ಒಬ್ಬ ಬ್ರಾಹ್ಮಣ ಇದ್ದಾನೆಂಬ ಸುದ್ದಿ ಕೇಳಿ ಅವರನ್ನು ಕಲ್ಕತ್ತೆಗೆ ಕರೆತಂದರು. ಅವರೇ ಮಹೇಶಚಂದ್ರ ಬ್ಯಾನರ್ಜಿ. ಯುರೋಪಿನ ನಿಯಮಗಳು ಅವರಿಗೆ ಹೊಸವು, ಕೈಗೆ ಅಭ್ಯಾಸವಾಗಿದ್ದುದು ದೇಶೀ ನಡಿಗೆ. ಪದಾತಿಯನ್ನು ಒಂದು ಮನೆ ಸರಿಸಿ, ಮೂಲೆಯ ಕಡೆ ಒಂಟೆ ಕೂರಿಸಿ, ನಡುಮಣೆಯನ್ನು ಎದುರಾಳಿಗೆ ಬಿಟ್ಟು, ಆಮೇಲೆ ಅದನ್ನು ಬುಡದಿಂದ ಅಲ್ಲಾಡಿಸುವುದು. ಲಂಡನ್ನಿನವರ ಕಣ್ಣಿಗೆ ಇದು ವಿಚಿತ್ರ ಆಟ. ಕೊಕ್ರೇನ್ ಅವರೊಡನೆ ಹಲವು ವರ್ಷ ನೂರಾರು ಪಂದ್ಯ ಆಡಿ, ಬರೆದಿಟ್ಟರು. ಹಾಗಾಗಿ ಅವು ಉಳಿದಿವೆ. ಒಟ್ಟು ಲೆಕ್ಕದಲ್ಲಿ ಗೆದ್ದದ್ದು ಕೊಕ್ರೇನ್ ಅವರೇ ಹೆಚ್ಚು, ಅದನ್ನೂ ಹೇಳಿಬಿಡಬೇಕು. ಆದರೆ 1855ರ ಒಂದು ಪಂದ್ಯದಲ್ಲಿ ಮಹೇಶಚಂದ್ರರು ಕಪ್ಪು ಕಾಯಿಗಳಿಂದ ಆಡಿ ಗೆದ್ದ ಏರ್ಪಾಡನ್ನೇ 1922ರಲ್ಲಿ ಆಸ್ಟ್ರಿಯಾದ ಅರ್ನ್ಸ್ಟ್ ಗ್ರುನ್‌ಫೆಲ್ಡ್ ದೊಡ್ಡ ಪಂದ್ಯಗಳಿಗೆ ತಂದರು. ಇಂದು ಅದಕ್ಕೆ ಗ್ರುನ್‌ಫೆಲ್ಡ್ ಡಿಫೆನ್ಸ್ ಎಂದೇ ಹೆಸರು. ಇದೇ ಜಾತಿಯ ಇತರ ಆರಂಭಗಳಿಗೆ ಕಿಂಗ್ಸ್ ಇಂಡಿಯನ್, ಕ್ವೀನ್ಸ್ ಇಂಡಿಯನ್ ಎಂಬ ಹೆಸರುಗಳಿವೆ. ಆ ‘ಇಂಡಿಯನ್’ ಎಂಬ ಮಾತು ಬಂದದ್ದು ಒಂದೇ ಮನೆ ನಡೆಯುವ ನಮ್ಮ ಪದಾತಿಯ ಕಾರಣದಿಂದ.

(ಅದೇ ವರ್ಷಗಳಲ್ಲಿ ನಮ್ಮ ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದೇ ಅರವತ್ತನಾಲ್ಕು ಮನೆಗಳನ್ನೂ ತಲಾ ಒಮ್ಮೆ ಮುಟ್ಟಿಬರುವ ಬಂಧಗಳನ್ನು ರಚಿಸುತ್ತಿದ್ದರು. ಅದು ಇನ್ನೊಂದು ಸಂಜೆಯ ಮಾತು.)

ಮಹೇಶಚಂದ್ರರು ಎದುರಾಳಿಯನ್ನು ಬೆಚ್ಚಿಬೀಳಿಸಬೇಕೆಂದು ಹಾಗೆ ಆಡಿದವರಲ್ಲ. ಅದು ಅವರ ಮನೆಯ ಆಟ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಕೂಡ ಹೀಗೆಯೇ. ದೇಶೀ ಆಟದಲ್ಲಿ ಬೆಳೆದ ಅವರು 1929ರಲ್ಲಿ ಇಂಗ್ಲೆಂಡಿಗೆ ಹೋಗಿ, ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ಹಿಂದೆ ವಿಶ್ವ ಚಾಂಪಿಯನ್ ಆಗಿದ್ದ ಕ್ಯೂಬಾದ ಕಾಪಬ್ಲಾಂಕಾ ಅವರನ್ನೂ ಸೋಲಿಸಿದರು. ಓಪನಿಂಗ್ ಪುಸ್ತಕಗಳ ವಿದ್ಯೆ ಅವರಲ್ಲಿ ಕಡಿಮೆ. ಅದರಿಂದ ಕಷ್ಟಪಟ್ಟದ್ದೂ ಉಂಟು. ವಿಶ್ವ ಚದುರಂಗ ಸಂಸ್ಥೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟದ್ದು 2024ರಲ್ಲಿ. ಅವರು ತೀರಿಕೊಂಡು ಆಗಲೇ 58 ವರ್ಷ.

ಇದ್ಯಾವುದೂ ನನಗೆ ಹದಿನೈದನೆಯ ವಯಸ್ಸಿನಲ್ಲಿ ಗೊತ್ತಿರಲಿಲ್ಲ. ಗೊತ್ತಿದ್ದುದು ವಿಶ್ವನಾಥನ್ ಆನಂದ್. 1995ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನ 107ನೆಯ ಮಹಡಿಯಲ್ಲಿ ಆನಂದ್ ಮತ್ತು ಗ್ಯಾರಿ ಕಾಸ್ಪರೋವ್ ವಿಶ್ವ ಪ್ರಶಸ್ತಿಗಾಗಿ ಆಡಿದರು. ಸಿಂಧನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆಗಾಗಿ ನಾನು ನಿಲ್ದಾಣದಲ್ಲೇ ಕಾಯುತ್ತಿದ್ದೆ. ಮೊದಲ ಎಂಟು ಪಂದ್ಯ ಡ್ರಾ. ಒಂಬತ್ತನೆಯದನ್ನು ಆನಂದ್ ಗೆದ್ದರು. ನಾನು ಕಟ್ಟೆಗೆ ಓಡಿಹೋಗಿ ಎಲ್ಲರಿಗೂ ಸಾರಿದೆ. ಹತ್ತನೆಯದರಲ್ಲಿ ಕಾಸ್ಪರೋವ್ ಮನೆಯಲ್ಲಿ ಸಿದ್ಧಪಡಿಸಿ ತಂದ ಹೊಸ ನಡೆಗಳ ಮುಂದೆ ಆನಂದ್ ಸೋತರು. ಹನ್ನೊಂದನೆಯದರಲ್ಲಿ ಕಾಸ್ಪರೋವ್ ತಾವು ಸಾಮಾನ್ಯವಾಗಿ ಆಡದಿದ್ದ ‘ಡ್ರ್ಯಾಗನ್’ ಎಂಬ ಆರಂಭವನ್ನು ಹೊರತೆಗೆದರು. ಅದರಲ್ಲೂ ಸೋಲು. ಹದಿನಾಲ್ಕನೆಯದರಲ್ಲಿ ಆನಂದ್ ತಿರುಗೇಟು ಕೊಡಲು ನೋಡಿದರು: ಕಾಸ್ಪರೋವ್ ರಾಜನ ಪದಾತಿಯನ್ನು ಎರಡು ಮನೆ ಇಟ್ಟೊಡನೆ ತಮ್ಮ ಮಂತ್ರಿಯ ಪದಾತಿಯನ್ನು ಎರಡು ಮನೆ ತಂದು ಎದುರಿಗೇ ನಿಲ್ಲಿಸಿದರು. ಸ್ಕ್ಯಾಂಡಿನೇವಿಯನ್ ಎಂಬ ಈ ಆರಂಭವನ್ನು ವಿಶ್ವ ಪ್ರಶಸ್ತಿಯ ಮಟ್ಟದಲ್ಲಿ ಯಾರೂ ನಿರೀಕ್ಷಿಸುವುದಿಲ್ಲ. ಆನಂದ್‌ಗೆ ಒಳ್ಳೆಯ ಸ್ಥಿತಿಯೂ ಸಿಕ್ಕಿತು. ಆದರೂ ಕೊನೆಗೆ ಆ ಪಂದ್ಯವೂ ಹೋಯಿತು.

ಒಂದೇ ಸ್ಪರ್ಧೆಯಲ್ಲಿ ಅಚ್ಚರಿಯ ಒಂದು ಆರಂಭ ಗೆದ್ದಿದೆ, ಇನ್ನೊಂದು ಸೋತಿದೆ. ಇದನ್ನು ಅಂದೇ ಯೋಚಿಸಬೇಕಿತ್ತು. ನಾನು ಗೆದ್ದದ್ದನ್ನು ಮಾತ್ರ ನೆನಪಿಟ್ಟುಕೊಂಡೆ.

1999ರಲ್ಲಿ ನಾನು ಬಿ.ಎಸ್ಸಿ ಎರಡನೆಯ ವರ್ಷದಲ್ಲಿದ್ದೆ. ಅಂತರ ಕಾಲೇಜು ಚದುರಂಗ ಪಂದ್ಯಾವಳಿಗೆ ಹೋದೆ. ಅದರಲ್ಲಿ ಮೊದಲ ಆರು ಸ್ಥಾನ ಪಡೆದವರು ವಿಶ್ವವಿದ್ಯಾಲಯದ ತಂಡಕ್ಕೆ ಸೇರುತ್ತಿದ್ದರು. ತಂಡಕ್ಕೆ ಸೇರಿದರೆ ಹೊರ ರಾಜ್ಯಕ್ಕೆ ರೈಲಿನಲ್ಲಿ ಪ್ರಯಾಣ, ಎದೆಯ ಮೇಲೆ ವಿಶ್ವವಿದ್ಯಾಲಯದ ಹೆಸರಿರುವ ಅಂಗಿ. ಅಲ್ಲಿಯವರೆಗೆ ನಾನು ರಾಯಚೂರು ಜಿಲ್ಲೆ ದಾಟಿ ಹೋದದ್ದು ಮದುವೆಗಳಿಗೆ ಮಾತ್ರ. ಹಿಂದಿನ ವರ್ಷ ಪುಸ್ತಕದ ಆರಂಭಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಚೆನ್ನಾಗಿ ಪೆಟ್ಟು ತಿಂದಿದ್ದೆ. ನಗರದ ಹುಡುಗರಿಗೆ ತರಬೇತುದಾರರಿದ್ದರು. ನಾನು ಎಂಟನೆಯ ನಡೆಯವರೆಗೆ ಓದಿದ್ದರೆ ಅವರು ಹದಿನೈದನೆಯದರವರೆಗೆ ಓದಿರುತ್ತಿದ್ದರು. ಈ ಸಲ ಮೈಲ್ಸ್ ಕಥೆ ಎಲ್ಲೋ ಓದಿದ್ದೆ. ಓದದ ದಾರಿಗೆ ಅವರನ್ನು ಎಳೆದುಬಿಡೋಣ ಎಂದುಕೊಂಡೆ. ಓದದ ದಾರಿ ಯಾವುದು? ಮುತ್ಯಾನ ಕಟ್ಟೆಯ ದಾರಿ!

ಮೂರನೆಯ ಸುತ್ತಿನಲ್ಲಿ ಎದುರಾದವನು ದೊಡ್ಡ ಊರಿನ ಕಾಲೇಜಿನವನು, ಗೆಲ್ಲುತ್ತಾನೆಂದು ಎಲ್ಲರೂ ಹೇಳುತ್ತಿದ್ದ ಹುಡುಗ. ಅವನು ರಾಜನ ಪದಾತಿಯನ್ನು ಎರಡು ಮನೆ ಇಟ್ಟ. ನಾನು ಕುದುರೆಯ ಮುಂದಿನ ಪದಾತಿಯನ್ನು ಒಂದು ಮನೆ ಸರಿಸಿದೆ. ಅವನು ಮಣೆ ನೋಡಿದ, ನನ್ನನ್ನು ನೋಡಿದ, ಮತ್ತೆ ಮಣೆ ನೋಡಿದ. ನಿಜವಾಗಿ ಇದು ಅಂಥ ಅಪರೂಪದ ನಡೆಯೇನೂ ಅಲ್ಲ, ಪುಸ್ತಕಗಳಲ್ಲಿ ಇದಕ್ಕೆ ‘ಮಾಡರ್ನ್’ ಎಂಬ ಹೆಸರೂ ಇದೆ. ಆದರೆ ನಮ್ಮ ಪಂದ್ಯಾವಳಿಯಲ್ಲಿ ಯಾರೂ ಆಡುತ್ತಿರಲಿಲ್ಲ. ತಲಾ ಒಂದು ಗಂಟೆಯ ಆಟ, ಜೋಡಿ ಗಡಿಯಾರ. ಹತ್ತು ನಡೆಗಳಾಗುವಷ್ಟರಲ್ಲಿ ಅವನ ಗಡಿಯಾರದಲ್ಲಿ ಇಪ್ಪತ್ತೈದು ನಿಮಿಷ ಕರಗಿತ್ತು, ನನ್ನದರಲ್ಲಿ ಆರು. ಇಂಥ ಹಳ್ಳಿಯ ನಡೆಗೆ ಕೂಡಲೇ ಶಿಕ್ಷೆ ಕೊಡಬೇಕೆಂದು ಅವನಿಗೆ ಅನ್ನಿಸಿರಬೇಕು. ತನ್ನ ಅಂಚಿನ ಪದಾತಿಯನ್ನು ಓಡಿಸಿಕೊಂಡು ನನ್ನ ರಾಜನ ಮೇಲೆ ಬಂದ. ಆ ಆತುರದಲ್ಲಿ ನಡುಮಣೆ ಸಡಿಲವಾಯಿತು. ಒಂದು ಪದಾತಿ ಕಳೆದುಕೊಂಡ. ಕೊನೆಗೆ ಸಮಯ ಸಾಲದೆ ಒಂದು ಕುದುರೆಯನ್ನೇ ಬಿಟ್ಟುಕೊಟ್ಟು ಸೋತ.

ಆ ರಾತ್ರಿ ನಾನು ಮಲಗಲಿಲ್ಲ. ಲೋಕವನ್ನೇ ಗೆಲ್ಲುವ ಕೀಲಿಕೈ ಸಿಕ್ಕಿತೆಂದು ತಿಳಿದಿದ್ದೆ.

ಕೊನೆಯ ಸುತ್ತಿನಲ್ಲಿ ಅರ್ಧ ಅಂಕ, ಎಂದರೆ ಒಂದು ಡ್ರಾ ಸಾಕಿತ್ತು. ಎದುರಿಗೆ ಕೂತವನು ಸಪ್ಪೆ ಮುಖದ, ಮಾತಾಡದ ಹುಡುಗ. ಹಿಂದಿನ ದಿನ ನಮ್ಮ ಮೇಜಿನ ಹಿಂದೆ ಅವನು ನಿಂತಿದ್ದನ್ನು ನಾನು ನೋಡಿದ್ದೆ, ಆದರೆ ಗಣನೆಗೆ ತೆಗೆದುಕೊಂಡಿರಲಿಲ್ಲ. ಅವನು ನನ್ನ ನಡೆಗಳಿಗೆ ಬೆಚ್ಚಲಿಲ್ಲ, ಶಿಕ್ಷಿಸಲೂ ಹೋಗಲಿಲ್ಲ. ರಾಜನ ಪದಾತಿ, ಮಂತ್ರಿಯ ಪದಾತಿ, ಅವುಗಳ ಪಕ್ಕಕ್ಕೆ ರಾಜನ ಕಡೆಯ ಒಂಟೆಯ ಪದಾತಿ, ಮೂರನ್ನೂ ಸಾಲಾಗಿ ನಾಲ್ಕನೆಯ ಮನೆಗೆ ತಂದು ನಿಲ್ಲಿಸಿದ. ಎರಡು ಕುದುರೆಗಳನ್ನು ಹೊರತೆಗೆದ. ನಾನು ರಾಜನನ್ನು ಕೋಟೆಗೆ ಸೇರಿಸಿ, ಇನ್ನೊಂದು ಕಡೆಯ ಕುದುರೆಯ ಪದಾತಿಯನ್ನೂ ಒಂದು ಮನೆ ಸರಿಸಿದೆ, ಮುತ್ಯಾ ಮಾಡುತ್ತಿದ್ದಂತೆ. ಆಗ ಅವನ ರಾಜನ ಪದಾತಿ ಐದನೆಯ ಮನೆಗೆ ಬಂದು ನನ್ನ ಕುದುರೆಯನ್ನು ಅಟ್ಟಿತು. ಅಲ್ಲಿಂದ ನನ್ನ ಕಾಯಿಗಳಿಗೆ ಉಸಿರಾಡಲು ಜಾಗವಿರಲಿಲ್ಲ. ಇಪ್ಪತ್ತನಾಲ್ಕನೆಯ ನಡೆಗೆ ಕೈ ಚಾಚಿ ಸೋಲೊಪ್ಪಿಕೊಂಡೆ. ಪಟ್ಟಿಯಲ್ಲಿ ನನ್ನದು ಏಳನೆಯ ಹೆಸರು.

ಊರಿಗೆ ಬಂದಾಗ ಮುತ್ಯಾ ಪಡಸಾಲೆಯಲ್ಲಿ ಕೂತಿದ್ದರು. ನಾನು ಸೋತ ಸುದ್ದಿ ಹೇಳಲು ಬಾಯಿ ತೆರೆದೆ. “ಸೋತ್ಯೋ ಗೆದ್ದ್ಯೋ ಆಮ್ಯಾಲೆ ಹೇಳು. ಅಂವ ಏನಾಡಿದ, ಅದನ್ನ ತೋರ್ಸು” ಎಂದರು. ಬಟ್ಟೆಯ ಮಣೆ ಹಾಸಿ, ಬರೆದುಕೊಂಡಿದ್ದ ಹಾಳೆ ನೋಡಿ ನಡೆಗಳನ್ನು ತೋರಿಸಿದೆ. ಅವನ ಮೂರು ಪದಾತಿಗಳು ಸಾಲಾಗಿ ನಿಂತ ಜಾಗಕ್ಕೆ ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿದರು.

“ಇಲ್ಲೆ ಯಾಕ ಸುಮ್ನ ಕುಂತಿ?”

“ನೀವು ಹಂಗೇ ಆಡ್ತಿದ್ರಲ್ಲ ಮುತ್ಯಾ” ಎಂದೆ.

“ನಮ್ಮ ಆಟದಾಗ ಅವನ ಪ್ಯಾದಿ ಒಂದೊಂದ ಮನಿ ನಡಕೋತ ಬರ್ತಾವ. ಅದಕ ನಾವು ಕಾಯ್ತೀವಿ. ನಿಮ್ಮ ಆಟದಾಗ ಅವು ಜಿಗದು ಬರ್ತಾವಲ್ಲೋ! ಇಲ್ಲಿ ಕಾಯಾಕ ಎಲ್ಲೈತಿ ಟೈಮು?” ಎನ್ನುತ್ತಾ, ಮಂತ್ರಿಯ ಕಡೆಯ ಒಂಟೆಯ ಮುಂದಿದ್ದ ನನ್ನ ಪದಾತಿಯನ್ನು ಎತ್ತಿ, ಎರಡು ಮನೆ ಮುಂದಿಟ್ಟು ಅವನ ಸಾಲಿನ ಬುಡಕ್ಕೆ ತಾಗಿಸಿದರು. ಜೀವಮಾನವಿಡೀ ಪ್ಯಾದಿಯನ್ನು ಒಂದೇ ಮನೆ ನಡೆಸಿದ ಮನುಷ್ಯ ಅದನ್ನು ಎರಡು ಮನೆ ಇಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ನಡೆ ಸರಿಯೇ ಎಂದು ನೋಡಲು ನಾನು ಕಾಲೇಜಿನ ಗ್ರಂಥಾಲಯದ ದಪ್ಪ ಪುಸ್ತಕ ತೆರೆದೆ. ಅಲ್ಲಿ ಕಪ್ಪಿಗೆ ಹೇಳಿದ್ದ ಮುಖ್ಯ ಉತ್ತರಗಳಲ್ಲಿ ಅದೂ ಒಂದು. ಮಹೇಶಚಂದ್ರರ 1855ರ ಪಂದ್ಯ ನನ್ನ ಕೈಗೆ ಸಿಕ್ಕಿದ್ದು ಇನ್ನೂ ಕೆಲವು ವರ್ಷಗಳ ನಂತರ. ಅದನ್ನು ಆಡಿ ನೋಡಿದಾಗ ನನಗೆ ಕಂಡದ್ದು ಮತ್ತೆ ಅದೇ. ಅವರು ದೇಶೀ ಅಭ್ಯಾಸದಂತೆ ಒಂಟೆಯನ್ನು ಮೂಲೆಯ ಕಡೆ ಕೂರಿಸಿದ್ದು ನಿಜ. ಆದರೆ ಮೂರನೆಯ ನಡೆಯಲ್ಲೇ ಮಂತ್ರಿಯ ಪದಾತಿಯನ್ನು ಎರಡು ಮನೆ ತಂದು ನಡುಮಣೆಗೆ ಏಟು ಹಾಕಿದ್ದಾರೆ. ಆಮೇಲೆ ಒಂಟೆಯ ಪದಾತಿಯಿಂದ ಮತ್ತೊಂದು ಏಟು. ಮುಫಸ್ಸಲಿನ ಆ ಮನುಷ್ಯ ಹೊಸ ನಿಯಮ ತನ್ನ ಹಳೆಯ ಆಟಕ್ಕೆ ಏನು ಮಾಡುತ್ತದೆಂದು ಕೂತು ಯೋಚಿಸಿದ್ದರು. ನಾನು ಯೋಚಿಸಿರಲಿಲ್ಲ. ಮುತ್ಯಾನ ಏರ್ಪಾಡನ್ನು ಎರವಲು ತಂದು, ಎದುರಿನವನು ಬೆಚ್ಚುತ್ತಾನೆ ಎಂಬ ಒಂದೇ ಭರವಸೆಯ ಮೇಲೆ ಆಡಿದ್ದೆ.

ಮೂರನೆಯ ಸುತ್ತಿನಲ್ಲಿ ನನಗೆ ಸಿಕ್ಕಿದ್ದಾದರೂ ಏನು? ಲೆಕ್ಕ ಮಾಡಿದರೆ ಹತ್ತೊಂಬತ್ತು ನಿಮಿಷ. ಅಪರೂಪದ ಆರಂಭ ಕೊಡುವುದು ಅಷ್ಟನ್ನೇ: ಎದುರಾಳಿಯ ಗಡಿಯಾರದ ಕೆಲವು ನಿಮಿಷ, ಅವನ ಮನಸ್ಸಿನ ಸ್ವಲ್ಪ ಕಲಕು. ಮೈಲ್ಸ್ ಸ್ಕಾರಾದಲ್ಲಿ ಮೊದಲ ನಡೆಯಿಂದ ಗೆಲ್ಲಲಿಲ್ಲ. ಅದರ ನಂತರದ ನಲವತ್ತೈದು ನಡೆಗಳನ್ನು ಕಾರ್ಪೋವ್ ಅವರಿಗಿಂತ ಚೆನ್ನಾಗಿ ಆಡಿ ಗೆದ್ದರು. ಅವರ ಆ ಪುಟ್ಟ ನಡೆಯಲ್ಲೂ ಅರ್ಥವಿತ್ತು. ಮಂತ್ರಿಯ ಕಡೆ ಪದಾತಿಗಳಿಂದ ಜಾಗ ಹಿಡಿದು, ಒಂಟೆ ಮತ್ತು ಕುದುರೆ ಎರಡರಿಂದಲೂ ಬಿಳಿಯ ರಾಜನ ಪದಾತಿಯ ಮೇಲೆ ಒತ್ತಡ ಹಾಕುವುದು. ಇಂಗ್ಲೆಂಡಿನಲ್ಲೇ ಮೈಕೇಲ್ ಬಾಸ್ಮನ್ ಎಂಬ ಆಟಗಾರರು ಇಂಥ ವಿಚಿತ್ರ ಆರಂಭಗಳಿಗೇ ಹೆಸರಾದವರು. ಅಂದರೆ ಆ ಕಾಲುದಾರಿಯಲ್ಲಿ ಮೊದಲೇ ಹೆಜ್ಜೆಗಳು ಬಿದ್ದಿದ್ದವು. ನಗುತ್ತಿದ್ದ ಪ್ರೇಕ್ಷಕರಿಗೆ ಅವು ಕಾಣಲಿಲ್ಲ, ಅಷ್ಟೆ.

ಟೆಲಿವಿಷನ್ನಿನಲ್ಲಿ ಕೆಲಸ ಮಾಡುವವನಾಗಿ ಒಂದು ಮಾತು ಸೇರಿಸುತ್ತೇನೆ. ಚದುರಂಗ ನಮ್ಮ ಮಾಧ್ಯಮಕ್ಕೆ ಒಗ್ಗುವ ಆಟವಲ್ಲ. ಇಬ್ಬರು ನಾಲ್ಕು ಗಂಟೆ ಅಲುಗಾಡದೆ ಕೂತರೆ ಕ್ಯಾಮೆರಾ ಏನು ತೋರಿಸಬೇಕು? ಆದರೆ ಮುಖ ತೋರಿಸಬಹುದು. 2024ರ ನವೆಂಬರಿನಲ್ಲಿ ಸಿಂಗಪುರದಲ್ಲಿ ನಮ್ಮ ಡಿ. ಗುಕೇಶ್ ವಿಶ್ವ ಪ್ರಶಸ್ತಿಗಾಗಿ ಆಡಿದಾಗ, ಮೊದಲ ಪಂದ್ಯದಲ್ಲೇ ಚೀನಾದ ಡಿಂಗ್ ಲಿರೆನ್ ಫ್ರೆಂಚ್ ಡಿಫೆನ್ಸ್ ಆಡಿದರು. ರಾಜನ ಮುಂದಿನ ಪದಾತಿ, ಒಂದೇ ಮನೆ! ಅಂಥ ಪಂದ್ಯಗಳಲ್ಲಿ ಅದು ವಿರಳ. ಆ ದಿನ ಗುಕೇಶ್ ಸೋತರು. ಮೂರನೆಯ ಪಂದ್ಯದಲ್ಲಿ ಆ ಅಂಕವನ್ನು ಹಿಂದಕ್ಕೆ ಪಡೆದು, ಹದಿನಾಲ್ಕನೆಯದನ್ನೂ ಗೆದ್ದು, ಹದಿನೆಂಟನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ನಮ್ಮ ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಬಂದದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್. ಇಂದು ಮೊಬೈಲ್ ಫೋನಿನಲ್ಲೇ ಚದುರಂಗದ ಕಂಪ್ಯೂಟರ್ ಇದೆ. ತುರ್ವಿಹಾಳದ ವಿದ್ಯಾರ್ಥಿನಿಯೊಬ್ಬಳು ನನಗೆ ಸಿಗದಿದ್ದ ತರಬೇತಿಯ ಒಂದು ಭಾಗವನ್ನಾದರೂ ಅಂಗೈಯಲ್ಲೇ ಪಡೆಯಬಹುದು.

ಆದ್ದರಿಂದ ಅಪರೂಪದ ಆರಂಭವನ್ನು ಧಾರಾಳವಾಗಿ ಪ್ರಯತ್ನಿಸಿ. ಆದರೆ ಅದನ್ನು ಪಂದ್ಯಕ್ಕೆ ಒಯ್ಯುವ ಮುಂಚೆ ಮಣೆ ತಿರುಗಿಸಿ ಎದುರಾಳಿಯ ಜಾಗದಲ್ಲಿ ಕೂರಿ. ಅವನು ಬೆಚ್ಚದಿದ್ದರೆ, ಆ ಸಪ್ಪೆ ಮುಖದ ಹುಡುಗನಂತೆ ಒಳ್ಳೆಯ ನಡೆಗಳನ್ನೇ ಆಡಿದರೆ, ನಿಮ್ಮ ಸ್ಥಿತಿ ನಿಲ್ಲುತ್ತದೆಯೆ? ನಿಲ್ಲುವುದಾದರೆ ಅದು ಅಪರೂಪದ ಆರಂಭ. ಬೀಳುವುದಾದರೆ ಬರೀ ಗುಂಡಿ, ಅದರಲ್ಲಿ ಮೊದಲು ಬೀಳುವವರು ನೀವೇ. ಮಂತ್ರಿ ಮತ್ತು ಒಂಟೆಯನ್ನು ಓಡಿಸಿ ನಾಲ್ಕು ನಡೆಗೆ ಶಹಮಾತ್ ಮಾಡಲು ಹೋಗುವ ಹಂಚಿಕೆ ಶಾಲೆಗಳಲ್ಲಿ ಬಹಳ ಜನಪ್ರಿಯ. ತಿಳಿದವನ ಎದುರು ಆ ಮಂತ್ರಿ ಅಟ್ಟಿಸಿಕೊಂಡು ಓಡಾಡುವುದರಲ್ಲೇ ಆಟ ಮುಗಿಯುತ್ತದೆ. ಇನ್ನು ವಿಚಿತ್ರವಾಗಿರಲಿ ಎಂದು ಬಿಳಿಯು ರಾಜನ ಪಕ್ಕದ ಒಂಟೆಯ ಪದಾತಿಯನ್ನು ಒಂದು ಮನೆ, ಅದರಾಚೆಯ ಕುದುರೆಯ ಪದಾತಿಯನ್ನು ಎರಡು ಮನೆ ಆಡಿದರೆ? ಕಪ್ಪು ರಾಜನ ಪದಾತಿಯನ್ನು ಸರಿಸಿ ಮಂತ್ರಿಯನ್ನು ಅಂಚಿಗೆ ತರುತ್ತದೆ, ಎರಡನೆಯ ನಡೆಗೇ ಶಹಮಾತ್. ಅದರಲ್ಲೂ ಅಚ್ಚರಿ ಇದೆ, ಆದರೆ ಆಡಿದವನಿಗೆ.

ಸಮಯವಾಗುತ್ತಾ ಬಂತು. ನನ್ನ ಕೊನ��ಯ ಸುತ್ತಿನ ಆ ಸ್ಥಿತಿಯನ್ನು ನಿಮ್ಮ ಮಣೆಯ ಮೇಲೆ ಇಟ್ಟು ಹೋಗುತ್ತೇನೆ. ಬಿಳಿಯ ಎಡಗಡೆಯಿಂದ ಸಾಲುಗಳಿಗೆ ಎ, ಬಿ, ಸಿ ಎಂದು ಎಚ್‌ವರೆಗೆ ಹೆಸರು. ಬಿಳಿಯ ಕಡೆಯಿಂದ ಮನೆಗಳಿಗೆ 1ರಿಂದ 8 ಅಂಕಿ. ಬಿಳಿಯ ಪದಾತಿಗಳನ್ನು ಡಿ4, ಇ4, ಎಫ್4ರಲ್ಲಿ, ಕುದುರೆಗಳನ್ನು ಸಿ3 ಮತ್ತು ಎಫ್3ರಲ್ಲಿ ಇಡಿ. ಕಪ್ಪಿನ ಪದಾತಿಗಳು ಡಿ6 ಮತ್ತು ಜಿ6ರಲ್ಲಿ, ಒಂಟೆ ಜಿ7ರಲ್ಲಿ, ಕುದುರೆ ಎಫ್6ರಲ್ಲಿ. ಉಳಿದ ಕಾಯಿಗಳೆಲ್ಲ ತಮ್ಮ ತಮ್ಮ ಮನೆಗಳಲ್ಲೇ ಇವೆ. ಈಗ ಕಪ್ಪಿನ ಸರದಿ. ಮುತ್ಯಾ ಎತ್ತಿಟ್ಟ ಪದಾತಿಯನ್ನು ಸಿ5ಕ್ಕೆ ತನ್ನಿ. ಬಿಳಿ ತನ್ನ ಡಿ4ರ ಪದಾತಿಯಿಂದ ಅದನ್ನು ಹೊಡೆಯುತ್ತದೆ. ನೀವು ಡಿ6ರ ಪದಾತಿಯಿಂದ ತಿರುಗಿ ಹೊಡೆದರೆ ಸಾಲು ತೆರೆದು, ಬಿಳಿಯ ಮಂತ್ರಿ ನಿಮ್ಮ ಮಂತ್ರಿಯನ್ನು ಹೊಡೆಯುತ್ತದೆ. ನಿಮ್ಮ ರಾಜನೇ ಅದನ್ನು ತೆಗೆಯಬೇಕಾಗುತ್ತದೆ, ಆಮೇಲೆ ಕೋಟೆ ಕಟ್ಟುವ ಹಕ್ಕು ಇಲ್ಲ. ಹಾಗಾದರೆ ತಿರುಗಿ ಹೊಡೆಯಬೇಡಿ. ಕಪ್ಪು ಮಂತ್ರಿಗೆ ಒಂದು ಮನೆ ಇದೆ. ಅಲ್ಲಿ ಹೋಗಿ ನಿಂತರೆ ಬಿಳಿಯ ಸಿ3ರ ಕುದುರೆ ಅಲುಗಾಡದಂತಾಗುತ್ತದೆ, ಇ4ರ ಪದಾತಿಗೆ ಕಾವಲು ತಪ್ಪುತ್ತದೆ, ಹೋದ ಪದಾತಿಯೂ ಹಿಂದಕ್ಕೆ ಬರುವ ದಾರಿ ತೆರೆಯುತ್ತದೆ. ಆ ಮನೆ ಯಾವುದು, ಹುಡುಕಿ ನೋಡಿ.